ಯಾವ ಸಿನಿಮಾ ಯಾವ ಕಪಾಟಿಗೆ?

ಚಿಂತಾಮಣಿಯಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: "ಎಷ್ಟೋ ವರ್ಷಗಳಿಂದ ಹೊರದೇಶದ ಸಿನಿಮಾಗಳ ಡಿವಿಡಿ ಕೂಡಿಹಾಕಿದ್ದೇನೆ. ನಾನೂರರ ಮೇಲಿವೆ. ಜಪಾನ್, ಇರಾನ್, ಇಟಲಿ, ಫ್ರಾನ್ಸ್. ಪತ್ತೇದಾರಿ, ಕೌಬಾಯ್, ದೆವ್ವದ್ದು, ಹಾಸ್ಯದ್ದು ಎಲ್ಲಾ ಇವೆ. ಮಗ, 'ಎಲ್ಲಾ ಫೋನಿನಲ್ಲೇ ಸಿಗುತ್ತೆ, ಗುಜರಿಗೆ ಹಾಕಿ' ಅನ್ನುತ್ತಾನೆ. ಇವನ್ನು ದೇಶದ ಪ್ರಕಾರ ಜೋಡಿಸಲೋ, ಕಥೆಯ ಬಗೆಯ ಪ್ರಕಾರ ಜೋಡಿಸಲೋ? ಒಂದೇ ಸಿನಿಮಾದ ಎರಡು ಡಿವಿಡಿಗಳಲ್ಲಿ ಅವಧಿ ಬೇರೆ ಬೇರೆ ಇದೆ, ಒಂದಕ್ಕೆ ಕತ್ತರಿ ಬಿದ್ದಿದೆಯಾ? ಅಳಿಯ ಅಮೆರಿಕದಿಂದ ತಂದ ಡಿಸ್ಕು ಓಡುತ್ತಲೇ ಇಲ್ಲ, ಯಾಕೆ? ಅಮ್ಮನಿಗೆ ತೋರಿಸೋಣ ಅಂದರೆ ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಊರಿನ ಶಾಲೆಯಲ್ಲಿ ತೋರಿಸಬಹುದಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಉತ್ತರ ಬರೆಯಲು ಕೂತೆ.

ಜೋಡಿಸುವ ವಿಷಯದಿಂದಲೇ ಶುರು ಮಾಡೋಣ. ನಿಮ್ಮ ಪಟ್ಟಿಯಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಅವರ 'ಯೊಜಿಂಬೊ' ಇದೆ, 1961ರದ್ದು. ಸೆರ್ಜಿಯೊ ಲಿಯೋನೆ ಅವರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಕೂಡ ಇದೆ, 1964ರದ್ದು. ಒಂದನ್ನು ಸಮುರಾಯ್ ಸಾಲಿನಲ್ಲಿ, ಇನ್ನೊಂದನ್ನು ಕೌಬಾಯ್ ಸಾಲಿನಲ್ಲಿ ಇಟ್ಟಿದ್ದೀರಿ. ಆದರೆ ಎರಡರ ಕಥೆಯೂ ಒಂದೇ. ಊರಿಲ್ಲದ ಒಬ್ಬ ಒಂದು ಊರಿಗೆ ಬರುತ್ತಾನೆ, ಅಲ್ಲಿ ಎರಡು ಗುಂಪು ಕಚ್ಚಾಡುತ್ತಿರುತ್ತವೆ, ಇವನು ಎರಡೂ ಕಡೆ ದುಡ್ಡು ತಗೊಂಡು ಇಬ್ಬರನ್ನೂ ಮುಗಿಸುತ್ತಾನೆ. ಜಪಾನಿನವರು ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಇನ್ನು ದೇಶದ ಪ್ರಕಾರ ಜೋಡಿಸುತ್ತೇನೆ ಅಂದರೆ ಆ ಎರಡನೆಯ ಸಿನಿಮಾವನ್ನು ಎಲ್ಲಿಡುತ್ತೀರಿ? ನಿರ್ದೇಶಕ ಇಟಲಿಯವರು, ಶೂಟಿಂಗ್ ಸ್ಪೇನಿನಲ್ಲಿ, ಹೀರೊ ಅಮೆರಿಕದವರು, ಕಥೆ ಜಪಾನಿನದ್ದು. ಅದೇ ಕುರೊಸಾವಾ 1963ರಲ್ಲಿ 'ಹೈ ಅಂಡ್ ಲೋ' ಮಾಡಿದಾಗ ಅಮೆರಿಕದ ಪತ್ತೇದಾರಿ ಕಾದಂಬರಿಯೊಂದನ್ನು ತಗೊಂಡರು. ಕೊಡು-ಕೊಳ್ಳು ಎರಡೂ ಕಡೆಯಿಂದ ನಡೆದೇ ಇತ್ತು. ದೇಶ, ಬಗೆ ಎನ್ನುವ ಖಾನೆಗಳೆಲ್ಲ ಅಂಗಡಿಯವರಿಗೆ ಬೇಕು. ಮನೆಯಲ್ಲಿ ಅವುಗಳಿಂದ ಜಾಸ್ತಿ ಉಪಯೋಗವಿಲ್ಲ.

ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಯಾರಿಗೆ ತೋರಿಸಬೇಕು ಅನ್ನುವುದರ ಪ್ರಕಾರ ಜೋಡಿಸಿ. ಒಂದು ಸಾಲು ಅಮ್ಮನಿಗೆ. ಒಂದು ಮಗನಿಗೆ. ಒಂದು ಶಾಲೆಯ ಮಕ್ಕಳಿಗೆ. ಉಳಿದದ್ದೆಲ್ಲ ನಿಮಗೆ, ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮ ಪತ್ರ ಪೂರ್ತಿ ಓದಿದರೆ ಗೊತ್ತಾಗುತ್ತದೆ, ನಿಮ್ಮ ಕಷ್ಟ ಕಪಾಟಿನದ್ದಲ್ಲ. ನಾನೂರು ಸಿನಿಮಾ ಇದ್ದೂ ಪಕ್ಕದಲ್ಲಿ ಕೂತು ನೋಡುವವರು ಯಾರೂ ಇಲ್ಲ, ಅಲ್ವಾ?

ಮಗನ ಸಾಲಿಗೆ ಮೊದಲು 'ದಿ ವೇಜಸ್ ಆಫ್ ಫಿಯರ್' ಇಡಿ. 1953ರ ಫ್ರೆಂಚ್ ಸಿನಿಮಾ, ಕ್ಲೂಜೊ ನಿರ್ದೇಶನ. ಎರಡು ಲಾರಿ, ನಾಲ್ಕು ಜನ, ಲಾರಿಯಲ್ಲಿ ನೈಟ್ರೋಗ್ಲಿಸರಿನ್. ಕುಲುಕಿದರೆ ಸಿಡಿಯುತ್ತದೆ, ರಸ್ತೆಯೋ ಹಾಳು ರಸ್ತೆ. ಲಾರಿ ಹೊರಡುವ ತನಕ ಕಥೆ ನಿಧಾನ, ಆ ಭಾಗವೂ ಉದ್ದ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎದ್ದು ಹೋಗುತ್ತಾನೆ. ಲಾರಿ ಹೊರಟ ಮೇಲೆ ಫೋನ್ ಮುಟ್ಟಿದರೆ ನನಗೆ ಬರೆಯಿರಿ. ಕಥೆ ನಡೆಯುವುದು ದಕ್ಷಿಣ ಅಮೆರಿಕದಲ್ಲಿ, ಶೂಟಿಂಗ್ ಮಾಡಿದ್ದು ದಕ್ಷಿಣ ಫ್ರಾನ್ಸಿನಲ್ಲಿ. ದೇಶದ ಪ್ರಕಾರ ಜೋಡಿಸುವವರಿಗೆ ಇದೂ ಒಂದು ತಲೆನೋವು.

'ಎಲ್ಲಾ ಫೋನಿನಲ್ಲೇ ಸಿಗುತ್ತೆ' ಅನ್ನುವುದು ಅರ್ಧ ನಿಜ. ಆ್ಯಪ್‌ನವರು ಸಿನಿಮಾವನ್ನು ಇಷ್ಟು ವರ್ಷಕ್ಕೆ ಅಂತ ಒಪ್ಪಂದ ಮಾಡಿಕೊಂಡು ತಂದಿರುತ್ತಾರೆ. ಅವಧಿ ಮುಗಿದರೆ ಅದು ಕಾಣೆ. ಹಳೆಯ ಜಪಾನಿ, ಇರಾನಿ ಸಿನಿಮಾಗಳ ಪಾಡು ಇನ್ನೂ ಕಷ್ಟ. ಗುಜರಿಗೆ ಹಾಕಬೇಡಿ.

ಅಮ್ಮನ ಸಾಲು ನಿಜವಾಗಿ ಯೋಚಿಸಬೇಕಾದದ್ದು. ಅವರು ಮನೆಯಲ್ಲಿ ತೆಲುಗು ಆಡುತ್ತಾರೆ, ಕನ್ನಡ ಓದುತ್ತಾರೆ, ಸಂತೆಯಲ್ಲಿ ಉರ್ದುವಿನಲ್ಲೂ ಚೌಕಾಸಿ ಮಾಡುತ್ತಾರೆ ಅಂತ ಬರೆದಿದ್ದೀರಿ. ನಿಮ್ಮ ಕಡೆ ಇದೇನು ಹೊಸದಲ್ಲ. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ತತ್ವಪದ ಹಾಡಿದ ಸೀಮೆ ಅದು. ಬೇರೆ ಭಾಷೆ ಕಿವಿಗೆ ಬಿದ್ದರೆ ಅಮ್ಮ ಬೆಚ್ಚುವುದಿಲ್ಲ. ತೊಡಕಿರುವುದು ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ.

ಆದ್ದರಿಂದ ಅಕ್ಷರವೇ ಬೇಡದ ಸಿನಿಮಾದಿಂದ ಶುರು ಮಾಡಿ. ಫ್ರಾನ್ಸಿನ ಜಾಕ್ ತಾತಿ 1953ರಲ್ಲಿ ಮಾಡಿದ 'ಮಿಸ್ಟರ್ ಹುಲೋಸ್ ಹಾಲಿಡೇ' ನಿಮ್ಮ ಹತ್ತಿರ ಇದೆ. ಸಮುದ್ರದ ದಡಕ್ಕೆ ರಜೆಗೆ ಬಂದ ಒಬ್ಬ ಉದ್ದನೆಯ ಮನುಷ್ಯ, ಅವನು ಹೋದಲ್ಲೆಲ್ಲ ಒಂದಲ್ಲ ಒಂದು ಎಡವಟ್ಟು. ಮಾತು ಬಹಳ ಕಡಿಮೆ. ಊಟದ ಮನೆಯ ಬಾಗಿಲು ತೆರೆದು ಮುಚ್ಚಿದಾಗಲೆಲ್ಲ 'ಡುಂಯ್ಕ್' ಅನ್ನುತ್ತದೆ. ಸಿನಿಮಾದುದ್ದಕ್ಕೂ ಅನ್ನುತ್ತಲೇ ಇರುತ್ತದೆ. ಅದೊಂದೇ ಸದ್ದಿಗೆ ಎಷ್ಟು ಸಲ ನಗಬಹುದು ನೋಡಿ.

ಆಮೇಲೆ ಮಾತಿರುವ ಸಿನಿಮಾಗಳಿಗೆ ಬನ್ನಿ, ಪಕ್ಕದಲ್ಲಿ ಕೂತು ನೀವೇ ಹೇಳಿ. ಇದು ಕೀಳು ಕೆಲಸ ಅಂದುಕೊಳ್ಳಬೇಡಿ. ಮೂಕಿ ಸಿನಿಮಾಗಳ ಕಾಲದಲ್ಲಿ ಜಪಾನಿನ ಥಿಯೇಟರುಗಳಲ್ಲಿ ಪರದೆಯ ಪಕ್ಕ ಬೆನ್ಶಿ ಅಂತ ಒಬ್ಬರು ಇರುತ್ತಿದ್ದರು. ನಮ್ಮ ಹರಿಕಥೆ ದಾಸರ ಹಾಗೆ. ಕಥೆ ಹೇಳುತ್ತಾ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು. ಇಂಥ ಬೆನ್ಶಿ ಇದ್ದಾರೆ ಅಂತಲೇ ಜನ ಟಿಕೆಟ್ ತಗೊಳ್ಳುತ್ತಿದ್ದರು. ಕುರೊಸಾವಾ ಅವರ ಅಣ್ಣ ಹೇಯ್ಗೊ ಕೂಡ ಬೆನ್ಶಿಯಾಗಿದ್ದರು. ಮಾತಿನ ಸಿನಿಮಾ ಬಂದು ಆ ಕೆಲಸವನ್ನೇ ಮುಳುಗಿಸಿತು. ಮೂವತ್ತು ವರ್ಷ ಕ್ಲಾಸಿನಲ್ಲಿ ಪಾಠ ಹೇಳಿದವರಿಗೆ ಇದು ಬಾರದ ವಿದ್ಯೆಯೇನಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು ಅನ್ನಿಸಿದರೆ, ಒಂದೆರಡು ಸಿನಿಮಾಕ್ಕೆ ನೀವೇ ಕನ್ನಡ ಸಬ್‌ಟೈಟಲ್ ಬರೆಯಿರಿ. ಎಸ್‌ಆರ್‌ಟಿ ಅನ್ನುವ ಫೈಲು ಅದು, ಬರೀ ಅಕ್ಷರ, ಬೇರೇನಿಲ್ಲ. ಮೊದಲು ಕ್ರಮಸಂಖ್ಯೆ, ಅದರ ಕೆಳಗೆ 00:12:07,500 --> 00:12:10,000 ಅಂತ ಶುರುವಾಗುವ, ಮುಗಿಯುವ ಹೊತ್ತು, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್ ಇದನ್ನು ಓದುತ್ತದೆ. ಟೈಪ್ ಮಾಡುವಾಗ ಯೂನಿಕೋಡ್ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಪರದೆ ಮೇಲೆ ಬರೀ ಕಾಗೆಕಾಲು ಗುಬ್ಬಿಕಾಲು. ಒಂದು ಸಲಕ್ಕೆ ಎರಡು ಸಾಲು ಸಾಕು. ಪಾತ್ರ ಆಡಿದ್ದನ್ನೆಲ್ಲ ಬರೆಯಲು ಹೋಗಬೇಡಿ, ಅಮ್ಮ ಅಕ್ಷರ ಓದುವುದರಲ್ಲೇ ಇದ್ದು ಮುಖ ನೋಡದೆ ಹೋಗುತ್ತಾರೆ. ಇನ್ನೊಂದು ಲಾಭ ಇದೆ. ಡಿವಿಡಿಯೊಳಗಿನ ಸಬ್‌ಟೈಟಲ್ ಚಿತ್ರದ ರೂಪದಲ್ಲಿರುತ್ತದೆ, ಅಕ್ಷರ ದೊಡ್ಡದು ಮಾಡಲು ಆಗದು. ನೀವು ಬರೆದದ್ದನ್ನು ವಯಸ್ಸಾದ ಕಣ್ಣಿಗೆ ಬೇಕಾದಷ್ಟು ದೊಡ್ಡದು ಮಾಡಬಹುದು.

ಇಲ್ಲೇ ನಿಮ್ಮ ಕತ್ತರಿ ಪ್ರಶ್ನೆಯೂ ಬರುತ್ತದೆ. ಬಹುಶಃ ಕತ್ತರಿ ಬಿದ್ದಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಪ್ಯಾಲ್ ಅನ್ನುವ ಟಿವಿ ಪದ್ಧತಿ ಸೆಕೆಂಡಿಗೆ 25 ಕೇಳುತ್ತದೆ. ಯುರೋಪಿನ ಡಿವಿಡಿ ತಯಾರಕರು ಸಿನಿಮಾವನ್ನೇ ಒಂಚೂರು ವೇಗವಾಗಿ ಓಡಿಸಿಬಿಡುತ್ತಿದ್ದರು. ಎರಡು ಗಂಟೆಯ ಸಿನಿಮಾ ಸುಮಾರು 5 ನಿಮಿಷ ಬೇಗ ಮುಗಿಯುತ್ತದೆ. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಅನ್ನುವ ಇನ್ನೊಂದು ಟಿವಿ ಪದ್ಧತಿಯ ಡಿಸ್ಕುಗಳಲ್ಲಿ ಹೀಗಾಗುವುದಿಲ್ಲ. ವ್ಯತ್ಯಾಸ ಇದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅನುಮಾನ ಪಡಿ. ಸಬ್‌ಟೈಟಲ್ ಬರೆಯುವ ಮೊದಲು ಯಾವ ಡಿಸ್ಕು ಅಂತ ಗೊತ್ತು ಮಾಡಿಕೊಳ್ಳಿ. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಹಾಕಿದರೆ, ಕೊನೆಗೆ ಬರುವ ಹೊತ್ತಿಗೆ ಸತ್ತವನು ಮಾತಾಡುತ್ತಿರುತ್ತಾನೆ.

ನಿಮ್ಮ ಅಳಿಯ ಅಮೆರಿಕದಿಂದ ತಂದ ಡಿಸ್ಕು ಓಡದಿರುವುದು ರೀಜನ್ ಕೋಡಿನಿಂದ, ಅಂದರೆ ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ತಯಾರಕರು ಹಾಕಿದ ಸಂಖ್ಯೆಯಿಂದ. ಅಮೆರಿಕದ್ದು 1, ನಮ್ಮದು 5. ಕಂಪ್ಯೂಟರಿನ ಡ್ರೈವಿನಲ್ಲಿ ರೀಜನ್ ಬದಲಾಯಿಸಬಹುದು, ಆದರೆ 5 ಸಲ ಮಾತ್ರ. ಸುಮ್ನೆ ಆಡಲು ಹೋಗಬೇಡಿ.

ಕಾಪಾಡುವುದು ಕಷ್ಟವೇನಲ್ಲ. ನಿಲ್ಲಿಸಿ ಇಡಿ, ಬಿಸಿಲಿನಿಂದ ದೂರ ಇಡಿ, ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕುಗಳು ಮೊದಲು ಕೆಡುತ್ತವೆ, ಅವುಗಳಲ್ಲಿ ಇರುವುದು ಮಾಸಿಹೋಗುವ ಬಣ್ಣದ ಪದರ.

ಕೊನೆಗೆ ಶಾಲೆ. ಹಳ್ಳಿ ಮಕ್ಕಳಿಗೆ ಇಂಥ ಸಿನಿಮಾ ಅರ್ಥವಾಗುತ್ತದಾ ಅಂತ ಯಾರಾದರೂ ಕೇಳಿದರೆ ಹೆಗ್ಗೋಡಿನ ಕಡೆ ಕೈ ತೋರಿಸಿ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಲೋಕದ ಸಿನಿಮಾಗಳನ್ನು ಹಳ್ಳಿಗೆ ತಂದಿತು. ನೀವು ಮಜೀದ್ ಮಜೀದಿ ಅವರ 'ಚಿಲ್ಡ್ರನ್ ಆಫ್ ಹೆವನ್' ತಗೊಂಡು ಹೋಗಿ, 1997ರ ಇರಾನಿ ಸಿನಿಮಾ. ಅಣ್ಣ ತಂಗಿಗೆ ಒಂದೇ ಜೊತೆ ಶೂ. ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ಶೂ ಅಂತ ಹುಡುಗನಿಗೆ ಮೂರನೆಯವನಾಗಿಯೇ ಬರಬೇಕು. ಆ ಓಟ ನೋಡುತ್ತಾ ಸುಮ್ಮನೆ ಕೂರುವ ಮಗು ಇರಲಾರದು.

ಕಾನೂನಿನ ಮಾತು ಕೇಳಿದ್ದೀರಿ. ಡಿವಿಡಿ ಮನೆಯಲ್ಲಿ ನೋಡಲು ಮಾತ್ರ, ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇಕು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಶಾಲೆಗಳಿಗೆ ಒಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ, ಮಕ್ಕಳು, ಅವರ ಅಪ್ಪ ಅಮ್ಮ, ಮೇಷ್ಟ್ರುಗಳು ಮತ್ತು ಶಾಲೆಗೆ ಸಂಬಂಧಪಟ್ಟವರು ಮಾತ್ರ ನೋಡುವುದಾದರೆ ತೋರಿಸಬಹುದು. ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿ ಊರಿಗೆಲ್ಲ ಕರೆದರೆ ಅದು ಬೇರೆ ಲೆಕ್ಕ. ಟಿಕೆಟ್ಟಂತೂ ಬೇಡವೇ ಬೇಡ. ಹೆಡ್‌ಮಾಸ್ಟರ ಹತ್ತಿರ ಮೊದಲೇ ಮಾತಾಡಿ. ಮತ್ತೆ, ಆ ಕಾಲದಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕೊಂಡೆ ಅಂತ ಬರೆದಿದ್ದೀರಲ್ಲ, ಆ ಕಳ್ಳ ಡಿಸ್ಕುಗಳನ್ನು ಶಾಲೆಯ ಗೇಟಿನೊಳಗೆ ಒಯ್ಯಬೇಡಿ.