ನೂರಾರು ವರ್ಷಕ್ಕೊಮ್ಮೆ ಬರುವ ಅನಾಹುತಕ್ಕೆ ಈಗಲೇ ದುಡ್ಡು ಸುರಿಯೋದು ದಂಡ ಅಲ್ವಾ?

ಖಂಡಿತ ಅಲ್ಲ. ಎಷ್ಟು ಅಪರೂಪ ಅಂತ ಮಾತ್ರ ನೋಡಿದರೆ ಸಾಲದು, ಬಂದರೆ ಏನೇನು ಹೋಗುತ್ತದೆ, ಹೋದದ್ದು ಮತ್ತೆ ಸಿಗುತ್ತದಾ ಅಂತಲೂ ನೋಡಬೇಕು.

ಜಪಾನಿನ ಫುಕುಶಿಮಾ ಅಣುಸ್ಥಾವರವನ್ನೇ ತಗೊಳ್ಳಿ. 2011ರ ಸುನಾಮಿಯಲ್ಲಿ ಸಮುದ್ರದ ನೀರು ನುಗ್ಗಿ, ನೆಲಮಾಳಿಗೆಯಲ್ಲಿ ಇಟ್ಟಿದ್ದ ತುರ್ತು ಜನರೇಟರುಗಳು ಕೆಟ್ಟವು, ಕರೆಂಟಿಲ್ಲದೆ ತಂಪು ಮಾಡುವ ವ್ಯವಸ್ಥೆ ನಿಂತುಹೋಗಿ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಊರಿಗೆ ಊರೇ ಖಾಲಿಯಾಯಿತು. ಆದರೆ ಅದೇ ಆವರಣದಲ್ಲಿ ಸ್ವಲ್ಪ ಎತ್ತರದಲ್ಲಿದ್ದ, ಗಾಳಿಯಿಂದಲೇ ತಣಿಯುವ ಒಂದು ಜನರೇಟರ್ ಮಾತ್ರ ಓಡುತ್ತಿತ್ತು, 5 ಮತ್ತು 6ನೇ ರಿಯಾಕ್ಟರುಗಳು ಉಳಿದದ್ದು ಅದರಿಂದಲೇ.

ನೀರು ತಡೆಯುವ ದೊಡ್ಡ ಗೋಡೆ ಕಟ್ಟಲು ದುಡ್ಡಿಲ್ಲದಿದ್ದರೆ ಸುಮ್ನೆ ಕೈಕಟ್ಟಿ ಕೂರಬೇಡಿ. ಯಾವ ಒಂದು ವಸ್ತು ಕೈಕೊಟ್ಟರೆ ಎಲ್ಲವೂ ಮುಳುಗುತ್ತದೋ, ಮೊದಲು ಅದನ್ನು ಎತ್ತರಕ್ಕೆ ಸಾಗಿಸಿ.