ಗುಲ್ಶನ್ ಕುಮಾರ್ ಬಗ್ಗೆ ಬರೆದು ಕಳಿಸಿದ ಗೆಳೆಯರಿಗೆ

ನಮಸ್ಕಾರ.

ಟಿ-ಸೀರೀಸ್ ಎಂಬ ಸಂಗೀತ ಕಂಪನಿ ಕಟ್ಟಿದ ಗುಲ್ಶನ್ ಕುಮಾರ್ ನೆನಪಿಗೆ ನೀವು ಬರೆದ ಲೇಖನ ಓದಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ದೆಹಲಿಯ ದರಿಯಾಗಂಜ್, ಅಪ್ಪನ ಹಣ್ಣಿನ ರಸದ ಅಂಗಡಿ, 1983ರಲ್ಲಿ ಟಿ-ಸೀರೀಸ್ ಹೆಸರಲ್ಲಿ ಕ್ಯಾಸೆಟ್ ತಂದ ಕಂಪನಿ ಸೂಪರ್ ಕ್ಯಾಸೆಟ್ಸ್. ಎಲ್ಲಾ ಸರಿಯಾಗಿದೆ, ಆದರೆ ಮೊದಲ ಎರಡು ಪುಟದಲ್ಲಿ ನೀವೇ ಇಲ್ಲ. 'ಸಂಗೀತ ಲೋಕದ ಧ್ರುವತಾರೆ', 'ತುಂಬಲಾರದ ನಷ್ಟ' ತೆಗೆದುಬಿಡಿ. ಯಾರು ತೀರಿಕೊಂಡರೂ ಬರೆಯುವ ಮಾತು ಇವು.

ನಿಮ್ಮ ನಿಜವಾದ ಲೇಖನ ಮೂರನೇ ಪುಟದ ನಾಲ್ಕು ಸಾಲಿನಲ್ಲಿದೆ. ಅಣ್ಣ ಪಾನ್ ಅಂಗಡಿಯಿಂದ ರಫಿ ಹಾಡುಗಳ ಕ್ಯಾಸೆಟ್ ತರುತ್ತಾನೆ. ಟೇಪ್ ರೆಕಾರ್ಡರ್‌ಗೆ ಹಾಕಿ ಒಂದು ಸಾಲು ಮುಗಿಯುವಷ್ಟರಲ್ಲಿ ಅಪ್ಪ, 'ಇದು ರಫಿ ಅಲ್ಲ ಕಣೋ' ಅನ್ನುತ್ತಾರೆ. ನೀವು ಹೊದಿಕೆಯ ಚೀಟಿ ಬಿಡಿಸಿ ಓದಿದರೆ ಹಾಡಿದವರು ಸೋನು ನಿಗಮ್! ಅಲ್ಲಿಂದಲೇ ಶುರು ಮಾಡಿ.

ಗುಲ್ಶನ್ ಕುಮಾರ್ ಮಾಡಿದ್ದೆಲ್ಲ ಆ ಒಂದು ಕ್ಯಾಸೆಟ್‌ನಲ್ಲೇ ಇದೆ, ಅಲ್ವಾ? ಹಳೆಯ ಹಾಡುಗಳ ಮೂಲ ರೆಕಾರ್ಡಿಂಗ್ ಬಹುಪಾಲು ಎಚ್‌ಎಂವಿ ಎಂಬ ಹಳೆಯ ರೆಕಾರ್ಡ್ ಕಂಪನಿಯ ಕೈಯಲ್ಲಿತ್ತು. ಆದರೆ ಮೊದಲೇ ರೆಕಾರ್ಡ್ ಆಗಿ ಬಂದ ಹಾಡಾಗಿದ್ದರೆ, ನೋಟಿಸ್ ಕೊಟ್ಟು, ರಾಯಲ್ಟಿ ಕಟ್ಟಿ, ಅದೇ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರಲು 1957ರ ಕಾಪಿರೈಟ್ ಕಾಯ್ದೆಯಲ್ಲಿ ದಾರಿ ಇತ್ತು. ಅವರು ಅದನ್ನು ಹಿಡಿದರು. ಹೊಸಬರಿಂದ ಹಾಡಿಸಿದರು, ಬೆಲೆ ಇಳಿಸಿದರು, ಕಿರಾಣಿ ಅಂಗಡಿ, ಪಾನ್ ಅಂಗಡಿಗೂ ಕ್ಯಾಸೆಟ್ ಮುಟ್ಟಿಸಿದರು. ಹಾಗೆ ರಫಿ ಹಾಡು ಹಾಡುತ್ತಾ ಪಳಗಿದ ಹುಡುಗ ಮುಂದೆ ಕನ್ನಡದಲ್ಲೂ ಮನೆಮಾತಾದ. ಇಷ್ಟು ಒಳ್ಳೆಯ ವಿಷಯ ಕೈಯಲ್ಲಿಟ್ಟುಕೊಂಡು ನೀವು ಸುಮ್ನೆ ದಾಟಿ ಹೋಗಿದ್ದೀರಿ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಪೈರಸಿ ಆರೋಪದ ಬಗ್ಗೆ ಒಂದಕ್ಷರವೂ ಇಲ್ಲವಲ್ಲ, ಯಾಕೆ? ಆ ಆರೋಪ ಅವರ ಬೆನ್ನಿಗೆ ಕೊನೆವರೆಗೂ ಅಂಟಿಕೊಂಡಿತ್ತು. ಪ್ರೀತಿಯಿಂದ ಬರೆಯುವಾಗ ಅದನ್ನು ಮುಚ್ಚಿಡಬೇಕಿಲ್ಲ. ಅದನ್ನೂ ಹೇಳಿ, ಆದರೂ ನಿಮ್ಮ ಪಾಲಿಗೆ ಅವರು ಯಾಕೆ ದೊಡ್ಡವರು ಅಂತ ಬರೆಯಿರಿ. ಓದುಗರು ಆಗ ನಿಮ್ಮನ್ನು ನಂಬುತ್ತಾರೆ.

ಕೊಲೆಗೆ ಒಂದೂವರೆ ಪುಟ ಜಾಸ್ತಿಯಾಯಿತು. 1997ರ ಆಗಸ್ಟ್ 12, ಮುಂಬೈನ ಅಂಧೇರಿ, ದೇವಸ್ಥಾನದ ಹೊರಗೆ ಗುಂಡೇಟು. ಇಷ್ಟು ಸಾಕು. ಆ ಸುದ್ದಿ ನಿಮ್ಮ ಮನೆಗೆ ಹೇಗೆ ಬಂತು, ಅಣ್ಣ ಏನಂದ, ಅದು ಬೇಕು.

800 ಪದ ಮೀರದಿರಲಿ. ಆಗಸ್ಟ್ 12ರ ವಾರಕ್ಕೇ ಹಾಕಬೇಕೆಂಬ ಆಸೆ ನನಗಿದೆ. ಜುಲೈ ಮುಗಿಯುವುದರೊಳಗೆ ಕಳಿಸಿ.