ಸಿಒಪಿಡಿ ಇರುವ ತಂದೆಯವರನ್ನು ವಿಡಿಯೊ ಕಾಲ್‌ನಲ್ಲೇ ಡಾಕ್ಟರಿಗೆ ತೋರಿಸಿದರೆ ಸಾಕಾ?

ತಂದೆಯವರಿಗೆ ಎಪ್ಪತ್ತು ದಾಟಿದೆ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ, ಯಲಹಂಕದಿಂದ ತಿಂಗಳು ತಿಂಗಳು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಬಸವಳಿದು ಹೋಗುತ್ತಾರೆ, ವಿಡಿಯೊದಲ್ಲೇ ತೋರಿಸಿದರೆ ಸಾಕಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ಇದೇ ಕಾಯಿಲೆ ಇರುವ ಅಮ್ಮನನ್ನು ಆರು ವರ್ಷದಿಂದ ವಿಜಯನಗರದ ನಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ, ಆ ಅನುಭವದಿಂದ ಬರೆಯುತ್ತಿದ್ದೇನೆ. ಅಮ್ಮ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಶಿರಾ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಊದುಕೊಳವೆ ಹಿಡಿದು ಸೌದೆ ಒಲೆ ಉರಿಸಿದವಳು. ಆ ಹೊಗೆಯೇ ಸಾಕಾಯಿತು.

ಮೊದಲು ನೇರ ಉತ್ತರ. ವಿಡಿಯೊ ಒಂದೇ ಸಾಕಾಗುವುದಿಲ್ಲ. ಆದರೆ ಮಾಮೂಲಿ ಭೇಟಿಗಳಲ್ಲಿ ಹೆಚ್ಚಿನವನ್ನು ಅದರಲ್ಲೇ ಮುಗಿಸಬಹುದು. ಎದೆಗೆ ಸ್ಟೆತೊಸ್ಕೋಪ್ ಇಡುವುದು, ಊದಿಸಿ ನೋಡುವ ಸ್ಪೈರೋಮೆಟ್ರಿ, ಎಕ್ಸ್‌ರೇ, ರಕ್ತದಲ್ಲಿನ ಅನಿಲಗಳ ಪರೀಕ್ಷೆ ಇವಕ್ಕೆಲ್ಲ ಹೋಗಲೇಬೇಕು. ನಾವು ಡಾಕ್ಟರನ್ನೇ ಕೇಳಿ, ಮೂರು ಸಲ ವಿಡಿಯೊ, ನಾಲ್ಕನೆಯ ಸಲ ಖುದ್ದು ಎಂದು ಇಟ್ಟುಕೊಂಡಿದ್ದೇವೆ. ಅವರು ಮೊದಲೇ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡಿದ್ದವರು. ನೀವೂ ಹಾಗೇ ಮಾಡಿ, ಮುಖಪರಿಚಯವೇ ಇಲ್ಲದ ಹೊಸಬರಿಂದ ಶುರು ಮಾಡಬೇಡಿ. ಕಾನೂನಿನ ತೊಡಕೇನೂ ಇಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ವಿಡಿಯೊದಲ್ಲಿ ನೋಡಿ ಔಷಧಿ ಬರೆದುಕೊಡಬಹುದು. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. 'ಇದು ಫೋನಿನಲ್ಲಿ ಆಗುವಂಥದ್ದಲ್ಲ, ಬನ್ನಿ' ಎನ್ನುವ ಹಕ್ಕೂ ಅವರಿಗಿದೆ. ಹಾಗೆ ಅಂದರೆ ದಯವಿಟ್ಟು ಹೋಗಿ.

ವಿಡಿಯೊದಿಂದ ನಮಗೆ ಆದ ದೊಡ್ಡ ಉಪಕಾರ ಔಷಧಿಯದ್ದಲ್ಲ. ಅಮ್ಮ ಆಗ ಪುಡಿ ತುಂಬಿದ ಮಾತ್ರೆ (ಕ್ಯಾಪ್ಸೂಲ್) ಹಾಕಿ ಬಾಯಿಂದ ಎಳೆಯುವ ರೋಟಾಹೇಲರ್ ಬಳಸುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರೋ ಒಮ್ಮೆ ಹೇಳಿಕೊಟ್ಟಿದ್ದರು, 'ಗೊತ್ತಾಯ್ತಾ ಅಮ್ಮ?' ಅಂದರೆ 'ಗೊತ್ತಾಯ್ತು ಸ್ವಾಮಿ' ಅಂದಿದ್ದಳು. ಎರಡು ವರ್ಷ ಹಾಗೇ ನಡೆಯಿತು. ಮೊದಲ ವಿಡಿಯೊ ದಿನ ಡಾಕ್ಟರು, 'ಈಗ ನನ್ನೆದುರೇ ಒಂದು ಸಲ ತಗೊಳ್ಳಿ' ಅಂದರು. ಅಮ್ಮ ಬಿಸಿ ಕಾಫಿ ಹೀರುವ ಹಾಗೆ ಮೆಲ್ಲಗೆ ಎಳೆದಳು. 'ಅದನ್ನು ಬಿಚ್ಚಿ ಕ್ಯಾಮೆರಾಗೆ ತೋರಿಸಿ' ಅಂದರು. ಒಡೆದ ಮಾತ್ರೆಯೊಳಗೆ ಪುಡಿ ಅರ್ಧಕ್ಕರ್ಧ ಹಾಗೇ ಇತ್ತು. ಪುಡಿಯ ಇನ್ಹೇಲರನ್ನು ಜೋರಾಗಿ, ದಮ್ಮು ಕಟ್ಟಿ ಎಳೆಯಬೇಕು, ಅಷ್ಟು ಬಲ ಅಮ್ಮನ ಎದೆಯಲ್ಲಿ ಉಳಿದಿರಲಿಲ್ಲ. ಅವತ್ತೇ ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿದ ಪಂಪಿಗೆ ಬದಲಾಯಿಸಿದರು. ಇದರಲ್ಲಿ ಎಳೆಯುವ ವೇಗ ಉಲ್ಟಾ. ಮೊದಲು ಉಸಿರು ಹೊರಗೆ ಬಿಟ್ಟು, ನಿಧಾನವಾಗಿ ಆಳಕ್ಕೆ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಡೋಸು ಏರಿಸದೆಯೇ ಆ ತಿಂಗಳು ಅಮ್ಮ ಮಹಡಿ ಮೆಟ್ಟಿಲನ್ನು ಒಂದೇ ಸಲ ಕೂತು ಹತ್ತಿದಳು, ಮುಂಚೆ ಮೂರು ಸಲ ಕೂರುತ್ತಿದ್ದಳು.

ಅದೇ ಕರೆಯಲ್ಲಿ ಡಾಕ್ಟರು ಇನ್ನೊಂದು ಕೇಳಿದರು, 'ನಿಮ್ಮ ಹಿಂದೆ ಹೊಗೆ ಕಾಣ್ತಿದೆಯಲ್ಲ, ಅದೇನು?' ದೇವರ ಗೂಡಿನ ಊದುಬತ್ತಿ. ದಿನಕ್ಕೆರಡು ಹೊತ್ತು, ಅಮ್ಮ ಮಲಗುವ ಜಾಗದಿಂದ ನಾಲ್ಕಡಿ ದೂರದಲ್ಲಿ. ಎಷ್ಟು ಸಲ ಆಸ್ಪತ್ರೆಗೆ ಹೋಗಿ ಬಂದರೂ ಯಾರಿಗೂ ಕಾಣಲು ಸಾಧ್ಯವಿಲ್ಲದ ಸಂಗತಿ ಇದು. ಹಾಗಾಗಿ ಕರೆಗೆ ಮುಂಚೆ ಮನೆಯನ್ನು ಓರಣ ಮಾಡಬೇಡಿ, ತಂದೆಯವರು ದಿನವೂ ಎಲ್ಲಿ ಕೂರುತ್ತಾರೋ ಅಲ್ಲೇ ಕೂರಿಸಿ. ಬೆಳಕು ಮುಖದ ಮೇಲೆ ಬೀಳಲಿ, ಎದೆಯೂ ಕಾಣುವಂತೆ ಫೋನನ್ನು ಯಾವುದಕ್ಕಾದರೂ ಒರಗಿಸಿಡಿ. ಅವರ ಪರವಾಗಿ ನೀವು ಮಾತಾಡಬೇಡಿ. ನಾನು ಬಹಳ ದಿನ ಅದೇ ತಪ್ಪು ಮಾಡಿದೆ. ಒಂದು ವಾಕ್ಯ ಮುಗಿಸಲು ಎಷ್ಟು ಸಲ ಉಸಿರು ಎಳೆದುಕೊಳ್ಳುತ್ತಾರೆ ಎಂಬುದನ್ನೇ ಡಾಕ್ಟರು ನೋಡುತ್ತಿರುತ್ತಾರೆ.

ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದು ದೀಪಾವಳಿಯ ಮರುದಿನ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರಿನಲ್ಲಿ ಅವಳ ಮಾಮೂಲಿ ಅಂಕಿ 90, ಅವತ್ತು 87 ತೋರಿಸಿತು. ಕೊರೊನಾ ಕಾಲದಲ್ಲಿ '94ಕ್ಕಿಂತ ಕೆಳಗಿಳಿದರೆ ಅಪಾಯ' ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವಲ್ಲ, ಅದೇ ತಲೆಯಲ್ಲಿತ್ತು. ಮನೆಯಲ್ಲಿ ಅಮ್ಮನಿಗೆ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಮೆಷಿನ್ನಿನ ಗುಂಡಿಯನ್ನು ಒಂದು ಲೀಟರಿನಿಂದ ನಾಲ್ಕಕ್ಕೆ ತಿರುಗಿಸಿದೆ. ಅರ್ಧ ಗಂಟೆಯಲ್ಲಿ 97 ಬಂತು, ನೆಮ್ಮದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಅಮ್ಮ ತಲೆನೋವು ಅಂದಳು, ಆಮೇಲೆ ತೂಕಡಿಸತೊಡಗಿದಳು, ಕೇಳಿದ್ದಕ್ಕೆ ಏನೋ ಒಂದು ಉತ್ತರ ಕೊಡುತ್ತಿದ್ದಳು. ಸಂಜೆಗಿದ್ದ ವಿಡಿಯೊವನ್ನು ಬೇಗ ಮಾಡಿಸಿದೆ. ಡಾಕ್ಟರು ಅಮ್ಮನಿಗೆ ಎರಡೂ ಕೈ ಮುಂದೆ ಚಾಚಿ, 'ನಿಲ್ಲಿ' ಎಂದು ತಡೆಯುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಕೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಅದುರಿ ಅದುರಿ ಬಿದ್ದವು. 'ಗುಂಡಿ ಮತ್ತೆ ಒಂದಕ್ಕೆ ಇಳಿಸಿ, ಮೆಷಿನ್ ಆಫ್ ಮಾಡಬೇಡಿ, 108ಕ್ಕೆ ಫೋನ್ ಮಾಡಿ' ಅಂದರು. ಅಮ್ಮ ಎರಡು ದಿನ ಆಸ್ಪತ್ರೆಯಲ್ಲಿ ಬೈಪ್ಯಾಪ್ ಮಾಸ್ಕಿನಲ್ಲಿದ್ದಳು, ಅದು ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ.

ಕಾಯಿಲೆ ಬಲಿತ ಕೆಲವರಲ್ಲಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವ ಶಕ್ತಿ ಕುಗ್ಗಿರುತ್ತದೆ. ಅಂಥವರಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಆ ಡೈಆಕ್ಸೈಡು ರಕ್ತದಲ್ಲಿ ಇನ್ನೂ ಏರುತ್ತದೆ. ಬೆರಳಿನ ಮೆಷಿನ್ ಆಕ್ಸಿಜನ್ ಮಾತ್ರ ಅಳೆಯುತ್ತದೆ, ಡೈಆಕ್ಸೈಡಿನ ಸುಳಿವನ್ನೇ ಕೊಡುವುದಿಲ್ಲ. ಅದಕ್ಕೇ ಇಂಥವರಲ್ಲಿ ವೈದ್ಯರು 88ರಿಂದ 92ರ ನಡುವೆ ಇಡಲು ನೋಡುತ್ತಾರೆ. ನಿಮ್ಮ ತಂದೆಯವರಿಗೆ ಎಷ್ಟಿರಬೇಕು, ಎಷ್ಟಕ್ಕೆ ಇಳಿದರೆ ಫೋನ್ ಮಾಡಬೇಕು ಎಂದು ಡಾಕ್ಟರ ಬಾಯಲ್ಲೇ ಕೇಳಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗುಂಡಿಯನ್ನು ನಾವಾಗಿ ಮುಟ್ಟಬಾರದು.

ಮನೆಯಿಂದಲೇ ಅಂಕಿಗಳನ್ನು ಕಳಿಸುವ ಯಂತ್ರಗಳ ಪ್ಯಾಕೇಜು ಕೊಳ್ಳುವ ಯೋಚನೆ ನಿಮಗೂ ಬಂದೀತು. ಸ್ಕಾಟ್ಲೆಂಡಿನಲ್ಲಿ ಇದನ್ನೇ 256 ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಒಂದೇ ರೀತಿಯ ವೈದ್ಯಕೀಯ ಆರೈಕೆ, ಒಂದು ಗುಂಪಿನ ಮನೆಗೆ ಮಾತ್ರ ಯಂತ್ರ. ಮತ್ತೆ ಆಸ್ಪತ್ರೆ ಸೇರುವ ದಿನವನ್ನು ಆ ಯಂತ್ರ ಮುಂದೂಡಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ, ಗುಂಡಿ ತಿರುಗಿಸಿದ ದಿನ ನನ್ನ ಕೈಯಲ್ಲೂ ಅಂಕಿ ಇತ್ತು. ದುಡ್ಡು ಖರ್ಚು ಮಾಡುವುದಾದರೆ ಒಳ್ಳೆಯ ಆಕ್ಸಿಮೀಟರ್, ಸ್ಪೇಸರ್, ಒಂದು ನೋಟ್‌ಬುಕ್ ಸಾಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅಂಕಿ ತಪ್ಪಾಗಿ ಬರಬಹುದು. ಧನುರ್ಮಾಸದ ಚಳಿಯಲ್ಲಿ ಅಮ್ಮನ ಕೈ ಉಜ್ಜಿ ಬಿಸಿ ಮಾಡಿಯೇ ನೋಡುತ್ತೇನೆ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಬರೆಯಿರಿ. ಏದುಸಿರು ನಿನ್ನೆಗಿಂತ ಹೆಚ್ಚೇ, ಕಫ ಹೆಚ್ಚೇ, ಕಫದ ಬಣ್ಣ ಹಳದಿ ಹಸಿರಿಗೆ ತಿರುಗಿದೆಯೇ, ಇಷ್ಟೇ. ಕಾಯಿಲೆ ಕೆರಳುವ ಮುನ್ಸೂಚನೆಗೆ ವೈದ್ಯರು ಕೇಳುವುದೂ ಇವೇ ಮೂರು. ಆರಾಮಾಗಿರುವ ದಿನಗಳಲ್ಲೇ ಬರೆಯಲು ಶುರು ಮಾಡಿ, ಅವರ ಮಾಮೂಲಿ ಏನೆಂದು ಗೊತ್ತಿದ್ದರೆ ತಾನೇ ಕೆಟ್ಟದ್ದು ತಿಳಿಯುವುದು?

ತುಟಿ ನೀಲಿಗಟ್ಟಿದರೆ, ಎರಡು ಮಾತಾಡಲೂ ಉಸಿರು ಸಾಲದಿದ್ದರೆ, ಮಂಪರು ಕವಿದರೆ, ಮಾತು ತೊದಲಿದರೆ ವಿಡಿಯೊ ಲಿಂಕಿಗಾಗಿ ಕಾಯಬೇಡಿ. ನೇರವಾಗಿ 108.

ತಂದೆಯವರು ಈಗ ಬಳಸುತ್ತಿರುವುದು ಮಾತ್ರೆ ಹಾಕಿ ಎಳೆಯುವುದೋ, ಪಂಪೋ? ಪುಡಿಯದ್ದಾದರೆ ಇವತ್ತು ರಾತ್ರಿ ಅವರು ತೆಗೆದುಕೊಂಡ ಮೇಲೆ ಬಿಚ್ಚಿ ನೋಡಿ, ಒಳಗೆ ಎಷ್ಟು ಉಳಿದಿದೆ ಅಂತ. ಅದರ ಒಂದು ಫೋಟೊ ತೆಗೆದಿಟ್ಟುಕೊಂಡು ಮೊದಲ ಕರೆಯಲ್ಲೇ ತೋರಿಸಿ.